ಒಂಬತ್ತು ಸಾಮಾನು, ನಾಲ್ಕು ಮನೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನವರೂ ಹೇಳುತ್ತಾರೆ, ಗಂಡನ ಮನೆಯವರೂ ಹೇಳುತ್ತಾರೆ. ಈ ಎರಡೂ ಮನೆಯವರು ಒಪ್ಪಿಕೊಂಡ ಮಾತು ಇದೊಂದೇ. ತವರು ನೇಸರಗಿ, ಗಂಡನ ಮನೆ ಬೈಲಹೊಂಗಲ. ಬೈಲಹೊಂಗಲದ ಹತ್ತಿ ಗೋದಾಮೊಂದರಲ್ಲಿ ಹದಿನಾಲ್ಕು ವರ್ಷ ಚೀಟಿ ಬರೆದಿದ್ದೇನೆ. ಯಾವ ಗಾಡಿಯಲ್ಲಿ ಎಷ್ಟು ಅಂಡಿಗೆ, ಅಂದರೆ ದೊಡ್ಡ ಚೀಲ, ಹತ್ತಿ ಬಂತು, ಯಾವುದು ಒಣಗಿದ್ದು, ಯಾವುದು ಹಸಿ, ಯಾವುದು ಯಾವ ಬಾಗಿಲಿನಿಂದ ಹೊರಗೆ ಹೋಯಿತು, ಎಲ್ಲವೂ ನನ್ನ ಚೀಟಿಯಲ್ಲಿ ಇರಬೇಕು. ಒಂದು ಅಂಡಿಗೆ ಹೆಚ್ಚು ಕಡಿಮೆಯಾದರೆ ಅವತ್ತು ಗೋದಾಮಿನಲ್ಲಿ ಯಾರೂ ನೆಮ್ಮದಿಯಿಂದ ಚಹಾ ಕುಡಿಯುತ್ತಿರಲಿಲ್ಲ. "ನಿನ್ನ ಕೈಯಾಗ ಚೀಟಿ ಕೊಟ್ಟರ ಸೂರ್ಯನೂ ಸಂಜಿಕ ಸಹಿ ಮಾಡೇ ಮುಳಗಬೇಕು" ಎಂದು ನನ್ನ ಗಂಡ ಅನ್ನುತ್ತಿದ್ದ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಆ ಮಳೆಗಾಲದಲ್ಲಿ ಸವದತ್ತಿಯ ಅಣೆಕಟ್ಟು ತುಂಬಿ, ಬಿಟ್ಟ ನೀರು ರಾಮದುರ್ಗದ ತಗ್ಗಿನ ಓಣಿಗಳಿಗೂ ಹೊಳೆದಂಡೆಯ ಹಳ್ಳಿಗಳಿಗೂ ನುಗ್ಗಿತು. ಗೋದಾಮಿಗೆ ಹತ್ತಿ ಬರಲು ಇನ್ನೂ ತಿಂಗಳುಗಟ್ಟಲೆ ಇತ್ತು. ನಾನು ಮನೆಯಲ್ಲಿ ಕುಳಿತು ಗಂಡ ಚಪ್ಪಲಿಯನ್ನು ಎಲ್ಲೆಲ್ಲಿ ಬಿಡುತ್ತಾನೆ ಎಂಬುದರ ಮೇಲೆ ಕಣ್ಣಿಟ್ಟಿದ್ದೆ. ಅಷ್ಟರಲ್ಲಿ ಬೆಳಗಾವಿಯ ಒಂದು ಸೇವಾ ಸಂಸ್ಥೆಯವರಿಗೆ ಬರೆಯಬಲ್ಲ, ಓಡಾಡಬಲ್ಲ ಹೆಂಗಸರು ಬೇಕಾದರು. ಮನೆ ಕಳಕೊಂಡವರಿಗೆ ಕೊಟ್ಟ ಸಾಮಾನು ಅವರ ಕೈಗೇ ಮುಟ್ಟಿತೇ, ಮುಟ್ಟಿದ್ದು ಅವರಲ್ಲೇ ಉಳಿಯಿತೇ ಎಂದು ನೋಡುವ ಕೆಲಸ. ನನ್ನ ಗಂಡನೇ ಹೋಗಿ ನನ್ನ ಹೆಸರು ಕೊಟ್ಟು ಬಂದ. ನನಗೆ ಕೆಲಸ ಸಿಗಲೆಂದೋ, ಅವನ ಚಪ್ಪಲಿಗೆ ಬಿಡುಗಡೆ ಸಿಗಲೆಂದೋ, ಇವತ್ತಿಗೂ ಹೇಳಿಲ್ಲ.

ಕಿತ್ತೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಮಗೆ ಒಂದು ದಿನದ ತರಬೇತಿ ಆಯಿತು. ಒಂದೊಂದು ಕುಟುಂಬಕ್ಕೆ ಒಂಬತ್ತು ಸಾಮಾನು: ಒಂದು ಚೀಲ ಜೋಳ, ತೊಗರಿಬೇಳೆ, ಒಂದು ಡಬ್ಬ ಎಣ್ಣೆ, ಎರಡು ಹೊದಿಕೆ, ಒಂದು ಚಾಪೆ, ಸ್ಟೀಲಿನ ಕೊಡ, ಬಕೆಟ್, ಸೋಲಾರ್ ದೀಪ. ಪ್ರತಿಯೊಂದಕ್ಕೂ ಕಪ್ಪು ಬಿಳಿ ಚೌಕದ ಒಂದು ಚೀಟಿ ಅಂಟಿಸಿರುತ್ತಾರೆ. ಮೊಬೈಲ್ ಹಿಡಿದರೆ ಟುಂಯ್ ಎನ್ನುತ್ತದೆ, ಸಾಮಾನು ಯಾರ ಹೆಸರಿನದು ಎಂದು ತೋರಿಸುತ್ತದೆ. ಕೊಟ್ಟ ದಿನ ಒಮ್ಮೆ ಟುಂಯ್, ಹದಿನೈದು ದಿನ ಬಿಟ್ಟು ಅವರಿರುವಲ್ಲಿಗೇ ಹೋಗಿ ಇನ್ನೊಮ್ಮೆ ಟುಂಯ್. ಕಾಣದ ಸಾಮಾನಿನ ಮುಂದೆ ಆರಿಸಿಕೊಳ್ಳಲು ಮೂರೇ ಉತ್ತರ: 'ಬಳಸಿ ಮುಗಿದಿದೆ', 'ಕಳೆದಿದೆ', 'ಮಾರಿರಬಹುದು'. ಅರ್ಧಕ್ಕಿಂತ ಹೆಚ್ಚು ಸಾಮಾನಿಗೆ ಮೂರನೆಯ ಉತ್ತರ ಬಂದರೆ ಆ ಕುಟುಂಬ ಎರಡನೆಯ ಪಟ್ಟಿಯಿಂದ ಹೊರಗೆ. ಎರಡನೆಯ ಪಟ್ಟಿ ಎಂದರೆ ಮನೆಯ ಮೇಲೆ ಹೊದಿಸುವ ತಗಡಿನ ಪಟ್ಟಿ. ಇಷ್ಟು ಚಂದದ ವ್ಯವಸ್ಥೆ ಕಂಡು ನನಗೆ ಹಬ್ಬದೂಟ ಉಂಡಷ್ಟು ಸಂತೋಷವಾಯಿತು. ನಮ್ಮ ಗೋದಾಮಿಗೂ ಇಂಥದ್ದೊಂದು ಬೇಕು ಎಂದು ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಹೇಳಿಕೊಂಡು ಬಂದೆ.

ನನ್ನ ಪಾಲಿಗೆ ಬಂದದ್ದು ರಾಮದುರ್ಗದಾಚೆಯ ಒಂದು ಎತ್ತರದ ಊರು. ಬೈಲಹೊಂಗಲದಿಂದ ಯರಗಟ್ಟಿಗೆ ಒಂದು ಬಸ್ಸು, ಅಲ್ಲಿಂದ ರಾಮದುರ್ಗಕ್ಕೆ ಇನ್ನೊಂದು, ಆಮೇಲೆ ಟಂಟಂ ಗಾಡಿ. ಕೆಳಗಿನ ಹಳ್ಳಿಯವರು ನೀರು ಬಂದಾಗ ಉಟ್ಟ ಬಟ್ಟೆಯಲ್ಲಿ ಹತ್ತಿ ಬಂದದ್ದು ಈ ಊರಿಗೆ. ಸಾಲಿಕಟ್ಟೆ, ಗುಡಿಯ ಪಡಸಾಲೆ, ಯಾರದೋ ದನದ ಕೊಟ್ಟಿಗೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಇಳಿದಿದ್ದರು. ಮೇಲಿನ ಊರಿನವರೂ ದೊಡ್ಡ ಶ್ರೀಮಂತರೇನಲ್ಲ. ಒಂದೆರಡು ಎಕರೆ ಹೊಲ, ಕೂಲಿ, ಹೊಲಿಗೆ, ಸಣ್ಣಪುಟ್ಟ ಅಂಗಡಿ. ಆದರೆ ಅವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಹೊಳೆ ಅವರ ಮನೆಗೆ ಬಂದಿರಲಿಲ್ಲ, ಹೊಳೆಗೆ ಹೆದರಿದವರು ಮಾತ್ರ ಬಂದಿದ್ದರು.

ನಾನು ಹೇಳಹೊರಟಿರುವುದು ಒಬ್ಬ ನೇಕಾರ ಹೆಣ್ಣುಮಗಳ ವಿಷಯ. ಮೂವತ್ತರ ಆಸುಪಾಸು, ತೆಳ್ಳಗೆ, ಮಾತು ಕಡಿಮೆ. ಗಂಡ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕೆ ಹೋಗಿದ್ದ. ಇವಳು ಇಬ್ಬರು ಸಣ್ಣ ಹೆಣ್ಣುಮಕ್ಕಳನ್ನೂ ಮೊಣಕಾಲು ನೋವಿನ ಅತ್ತೆಯನ್ನೂ ಕಟ್ಟಿಕೊಂಡು ಬಂದು, ಒಬ್ಬ ಮುದುಕಿಯ ಹಿತ್ತಲಿನ ಕೊಟ್ಟಿಗೆಯಲ್ಲಿ ಇದ್ದಳು. ಆ ಮುದುಕಿಯನ್ನು ಊರೆಲ್ಲ ಆಯಿ ಎನ್ನುತ್ತಿತ್ತು, ನಾನೂ ಅನ್ನುತ್ತಿದ್ದೆ. ನೇಕಾರಳದು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ. ಆ ಕುಣಿಯಲ್ಲಿ ಸೊಂಟದ ಮಟ್ಟ ರಾಡಿ ತುಂಬಿತ್ತು, ಮೇಲಿನ ಸೂರು ಹೊಳೆಯ ಜೊತೆ ಹೋಗಿತ್ತು. ರಾಡಿಯನ್ನು ಅವಳೇ ಬುಟ್ಟಿಯಲ್ಲಿ ಹೊತ್ತು ಹಾಕಬಲ್ಲಳು. ಸೂರಿಗೆ ತಗಡು ಬೇಕು. ತಗಡು ಬಂದರೆ ಮಗ್ಗ ಹೂಡಬಹುದು, ಮಗ್ಗ ಹೂಡಿದರೆ ಗಂಡ ಇಚಲಕರಂಜಿ ಬಿಟ್ಟು ಬರಬಹುದು. ಸಾಮಾನು ಹಂಚಿದ ದಿನ ಅವಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ತಗಡು ಯಾವಾಗ ಬರತಾವ್ರಿ ಅಕ್ಕಾರ?"

"ಮೊದಲ ಇದನ್ನ ಚಲೋತ್ನಂಗ ಇಟಗೋ ತಂಗಿ. ಹದಿನೈದ ದಿನಕ್ಕ ಬಂದು ನೋಡತೇನಿ. ಒಂಬತ್ತೂ ಕಣ್ಣಿಗೆ ಕಾಣಬೇಕು" ಎಂದೆ, ಗೋದಾಮಿನ ದನಿಯಲ್ಲಿ.

ಹದಿನೈದು ದಿನ ಬಿಟ್ಟು ಹೋದರೆ ಕೊಟ್ಟಿಗೆಯಲ್ಲಿ ಮೂರೇ ಸಾಮಾನು. ಅರ್ಧ ಚೀಲ ಜೋಳ, ಅತ್ತೆಯ ಮೈಮೇಲೆ ಒಂದು ಹೊದಿಕೆ, ನೀರು ತುಂಬಿಟ್ಟ ಕೊಡ. ನಾನು ಕೊಟ್ಟಿಗೆಯ ಮೂಲೆ ಮೂಲೆ ನೋಡಿದೆ, ಗೋದಲಿಯ ಹಿಂದೆಯೂ ಬಗ್ಗಿ ನೋಡಿದೆ.

"ಬ್ಯಾಳಿ ಎಲ್ಲೈತಿ?"

"ಇಲ್ರಿ."

"ಎಣ್ಣಿ?"

"ಇಲ್ರಿ."

"ಹೊದಿಕೆ ಎರಡ ಕೊಟ್ಟಿದ್ವಿ. ಇನ್ನೊಂದು? ಚಾಪಿ? ಬಕೆಟ? ದೀಪ?"

ಅವಳು ನೆಲ ನೋಡುತ್ತ ನಿಂತಳು. ಹೆಣ್ಣುಮಕ್ಕಳು ಅವಳ ಸೀರೆಯ ಹಿಂದೆ ಸರಿದವು. ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಸೊಸೆ ಒಮ್ಮೆ ತಿರುಗಿ ನೋಡಿದ್ದೇ ತಡ, ಬಾಯಿ ಮುಚ್ಚಿಕೊಂಡಳು. ಮೂರು ಸಲ ಕೇಳಿದೆ, ಮೂರು ಸಲವೂ ನೆಲವೇ ಉತ್ತರ. ನನ್ನ ಸಿಟ್ಟು ನೆತ್ತಿಗೇರಿತು. ಉಣ್ಣಲು ಬೇಳೆ ಇಲ್ಲದವಳು ಹದಿನೈದೇ ದಿನದಲ್ಲಿ ದೀಪ, ಚಾಪೆ, ಬಕೆಟ್ ಎಲ್ಲ ಎಲ್ಲಿಗೆ ಸಾಗಿಸಿದಳು? ರಾಮದುರ್ಗದ ಸಂತೆಗೇ ಇರಬೇಕು. ಬಸ್ಸಿನಲ್ಲಿ ಯಾರೋ ಅಂದದ್ದು ನೆನಪಾಯಿತು: "ಕೊಟ್ಟದ್ದೆಲ್ಲ ಸಂತ್ಯಾಗ ಸಿಗತೈತ್ರಿ." ಅಲ್ಲೇ ನಿಂತು ಆರೂ ಸಾಮಾನಿನ ಮುಂದೆ 'ಮಾರಿರಬಹುದು' ಒತ್ತಿದೆ. ಮೊಬೈಲ್ ಮುಂದೆ ಹಿಡಿದೆ, ಅವಳು ಬೆರಳಿನಿಂದ ಸಹಿ ಮಾಡಿದಳು. ಏನು ಬರೆದಿದ್ದೀರಿ ಎಂದು ಅವಳು ಕೇಳಲಿಲ್ಲ, ನಾನು ಓದಿ ಹೇಳಲೂ ಇಲ್ಲ. ಕಳಿಸು ಎಂಬ ಗುಂಡಿ ಒತ್ತಿದೆ. ಹೋಯಿತು.

ಬಿಸಿಲಿನಲ್ಲಿ ಗಂಟಲು ಒಣಗಿತ್ತು. ಹೊರಗೆ ಬರುವಷ್ಟರಲ್ಲಿ ಆಯಿ ತನ್ನ ಹಿತ್ತಲ ಬಾಗಿಲಲ್ಲಿ ನಿಂತು ಕರೆದಳು. "ಬಾ ಯವ್ವಾ, ಒಂದ ಗುಟುಕು ಚಹಾ ಕುಡದ ಹೋಗು. ಮಾರಿ ನೋಡಿದರ ಯಾರನ್ನೋ ಹೊಡದ ಬಂದಂಗ ಕಾಣತೈತಿ."

ಆಯಿಯ ಅಡುಗೆಮನೆ ಕತ್ತಲೆ. ಅವಳು ಕೈ ಚಾಚಿ ಗೂಡಿನಲ್ಲಿದ್ದ ದೀಪ ಹಚ್ಚಿದಳು. ಬೆಳಕು ಭಗ್ಗನೆ ಬಂತು. ಸೋಲಾರ್ ದೀಪ. ಬುಡದಲ್ಲಿ ಕಪ್ಪು ಬಿಳಿ ಚೌಕ. ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ ಎಂದುಕೊಂಡು ಮೊಬೈಲ್ ಹಿಡಿದೆ. ಟುಂಯ್. ನೇಕಾರಳ ಹೆಸರು.

"ಆಯಿ, ಇದನ್ನ ಎಷ್ಟಕ್ಕ ತೊಗೊಂಡಿ?"

"ಏನ ತೊಗೊಂಡೆ?"

"ಈ ದೀಪ. ಆಕಿ ಎಷ್ಟಕ್ಕ ಮಾರಿದಳು?"

ಆಯಿ ಚಹಾದ ಬೋಗುಣಿಯನ್ನು ಒಲೆಯಿಂದ ಇಳಿಸಿ, ನನ್ನ ಕಡೆ ತಿರುಗಿ ಕೂತಳು. "ಮಾರೂದೇನ ಬಂತು? ಡಬ್ಬ್ಯಾಗ ಹಾಕಿ ಕೊಟ್ಟಾಳ ಆಕಿ."

ಆಮೇಲೆ ಅವಳು ಹೇಳಿದ್ದನ್ನು ನಾನು ನೇಸರಗಿಯಲ್ಲಿ ಹುಟ್ಟಿ ಬೆಳೆದವಳಾಗಿ ನಾನಾಗಿಯೇ ತಿಳಿದುಕೊಳ್ಳಬೇಕಾಗಿತ್ತು. ಆ ನೇಕಾರ ಹೆಣ್ಣುಮಗಳು ಬಂದ ದಿನದಿಂದ ಸುತ್ತಲಿನ ಮೂರು ಮನೆಯವರು ಅವಳಿಗೆ ಊಟ ಕಳಿಸುತ್ತಿದ್ದರು: ಆಯಿಯ ಮನೆ, ಎದುರಿನ ಹಿಟ್ಟಿನ ಗಿರಣಿಯವರ ಮನೆ, ತಿರುವಿನಲ್ಲಿರುವ ಟೇಲರ್ ಮನೆ. ಒಬ್ಬರು ರೊಟ್ಟಿ, ಒಬ್ಬರು ಪಲ್ಯ, ಒಬ್ಬರು ಸಾರು. ನಮ್ಮ ಕಡೆ ಬಂದ ಡಬ್ಬಿಯನ್ನು ಬರಿದು ಮಾಡಿ ತಿರುಗಿ ಕೊಡುವ ಪದ್ಧತಿ ಇಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ನಾಲ್ಕು ಶೇಂಗಾ ಬೀಜ, ಏನಾದರೂ ಹಾಕಿಯೇ ಕೊಡಬೇಕು. ಅವಳ ಹತ್ತಿರ ನಾಲ್ಕು ಶೇಂಗಾ ಬೀಜವೂ ಇರಲಿಲ್ಲ. ಅದಕ್ಕೆ ಅವಳು ಡಬ್ಬಿಗಳನ್ನು ತಿರುಗಿ ಕೊಡಲೇ ಇಲ್ಲ. ತೊಳೆದು, ಒರೆಸಿ, ಕೊಟ್ಟಿಗೆಯ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಳು.

"ಹನ್ನೆರಡ ದಿನ" ಎಂದಳು ಆಯಿ. "ನಮ್ಮ ಮನ್ಯಾಗ ಪಲ್ಯಾ ಮಾಡಾಕ ಬೋಗುಣಿ ಇಲ್ಲ, ಗಿರಣಿಯಾಕಿಗೆ ಹಿಟ್ಟ ನಾದಾಕ ಪರಾತ ಇಲ್ಲ. ಟೇಲರ್ ಹೆಂಡತಿ ಬಂದು, ಆಯಿ ನಾ ಸಾರನ್ನ ಹೊಲಗಿ ಮಿಷನ್ನಿನ ಡಬ್ಬ್ಯಾಗ ಮಾಡಲೇನ ಅಂತಾಳ. ಹೋಗಿ ಕೇಳೂಣು ಅಂದರ ಹೆಂಗ ಕೇಳೂದು? ನಮ್ಮ ಭಾಂಡೆ ಕೊಡು ಅಂದರ, ಏನರ ಹಾಕಿ ಕೊಡು ಅಂದಂಗ ಆಗತೈತಿ. ಮೂರೂ ಮಂದಿ ಸುಮ್ಮನಾದ್ವಿ. ನಾ ಅಂತೂ ಒಲಿ ಮ್ಯಾಲ ಹಂಚಿನ್ಯಾಗ ಪಲ್ಯಾ ಮಾಡೀನಿ."

ನನಗೆ ನಗು ಬಂತು. ನಗಬಾರದ ಹೊತ್ತು ಎಂದು ಗೊತ್ತಿದ್ದರೂ ಬಂತು. ಮೂರು ಮನೆಯ ಹೆಂಗಸರು ಪಾತ್ರೆ ಇಲ್ಲದೆ ಒದ್ದಾಡುತ್ತಿದ್ದಾರೆ, ಪಾತ್ರೆಯೆಲ್ಲ ಬೆಳ್ಳಗೆ ತೊಳೆದು ಇಪ್ಪತ್ತು ಹೆಜ್ಜೆ ದೂರದಲ್ಲಿ ಇದೆ, ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ನಮ್ಮ ಮಂದಿಯೇ ಹೀಗೆ.

ಹದಿಮೂರನೆಯ ದಿನ ನಾನು ಹಂಚಿದ ಸಾಮಾನು ಅವಳ ಕೈಗೆ ಬಂತು. ಮರುದಿನ ಮುಂಜಾನೆ ಮೂರೂ ಮನೆಯ ಪಾತ್ರೆಗಳು ತಿರುಗಿ ಹೋದವು, ತುಂಬಿ. ಆಯಿಯ ದೊಡ್ಡ ಡಬ್ಬಿಯಲ್ಲಿ ಬೇಳೆಯ ಪೊಟ್ಟಣ, ಅದರ ಮೇಲೆ ದೀಪ. ಗಿರಣಿಯವರಿಂದ ತಂದಿದ್ದ ಬಕೆಟ್ಟನ್ನು ಅವಳ ಹೆಣ್ಣುಮಕ್ಕಳು ಬಾವಿಕಟ್ಟೆಯಲ್ಲಿ ಒಡೆದಿದ್ದವಂತೆ. ಅವರಿಗೆ ಹೊಸ ಬಕೆಟ್ಟು, ಬಕೆಟ್ಟಿನೊಳಗೆ ಅವರ ಪರಾತ, ಪರಾತದ ಜೊತೆ ಎಣ್ಣೆ ಡಬ್ಬ. ಟೇಲರ್ ಮನೆಯ ರೊಟ್ಟಿಬುಟ್ಟಿಯಲ್ಲಿ ಮಡಿಸಿದ ಹೊದಿಕೆ, ಬುಟ್ಟಿಯ ಮೇಲೆ ಸುತ್ತಿದ ಚಾಪೆ.

"ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು" ಎಂದೆ. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಆ ಹುಡುಗಿಗೆ ಬಾಯಿ ಇಲ್ಲೇನ? ಕೇಳಿದಾಗ ಹೇಳಬೇಕಿಲ್ಲ?"

"ಡಬ್ಬ್ಯಾಗ ಏನ ಹಾಕಿ ಕೊಟ್ಟೆ ಅಂತ ಯಾರರ ಬಾಯಿಬಿಟ್ಟ ಹೇಳತಾರೇನ? ನೀ ಹೇಳತಿ?"

ನಾನು ಹೇಳುವುದಿಲ್ಲ. ನಮ್ಮವ್ವನೂ ಹೇಳುತ್ತಿರಲಿಲ್ಲ. ಹೇಳಿದರೆ ಅದು ಲೆಕ್ಕ ಒಪ್ಪಿಸಿದಂತೆ, ಉಣ್ಣಿಸಿದವರ ಮುಖಕ್ಕೆ ಹೊಡೆದಂತೆ. ಚಹಾ ಮುಗಿಸಿ ಎದ್ದೆ. ಗಿರಣಿಯವರ ಮನೆಗೆ ಹೋದೆ, ಟುಂಯ್, ಟುಂಯ್. ಟೇಲರ್ ಮನೆಗೆ ಹೋದೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಚಾಪೆಯ ಮೇಲೆ ಟೇಲರನ ತಂದೆ ಹೊದಿಕೆ ಹೊದ್ದು ಮಲಗಿದ್ದರು. ಮಲಗಿದವರ ಹೊದಿಕೆಗೆ ಮೊಬೈಲ್ ಹಿಡಿಯುವುದು ಹೇಗೆ? ಮಗ್ಗುಲಾಗಲಿ ಎಂದು ಅರ್ಧ ತಾಸು ಕಾದೆ. ಆರಕ್ಕೆ ಆರೂ ಊರಲ್ಲೇ ಇದ್ದವು. ಬೇಳೆ ಮಾತ್ರ ಮುಗಿದು, ಚೌಕದ ಚೀಟಿ ಇದ್ದ ಖಾಲಿ ಪೊಟ್ಟಣದಲ್ಲಿ ಆಯಿ ಒಣಮೆಣಸಿನಕಾಯಿ ತುಂಬಿಟ್ಟಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತು ಗುಂಡಿ ಒತ್ತಿದ ಕೂಡಲೇ ಬೆಳಗಾವಿಗೆ ಮುಟ್ಟಿತ್ತು. ನಮ್ಮ ಮೇಲಿನ ಅಧಿಕಾರಿ ಮೈಸೂರು ಕಡೆಯವರು, ಮೃದು ಮಾತಿನ ಮನುಷ್ಯ, ಆದರೆ ನಿಯಮ ಎಂದರೆ ನಿಯಮ. ಫೋನು ಮಾಡಿ ತಪ್ಪಾಗಿದೆ ಎಂದೆ.

"ಕಳಿಸಿದ ಮೇಲೆ ನೀವು ತಿದ್ದೋಕಾಗಲ್ಲ ಮೇಡಂ. ಆರು ಸಾಮಾನು ಅಂದರೆ ಹೆಸರು ತಾನಾಗಿಯೇ ಬಿಟ್ಟುಹೋಗಿದೆ. ಶುಕ್ರವಾರ ಎರಡನೇ ಪಟ್ಟಿ ಮುಚ್ಚುತ್ತೆ. ಗುರುವಾರ ನಾನು ಹೇಗೂ ಆ ಕಡೆ ಬರ್ತೀನಿ. ಸಾಮಾನು ಅವರ ಮನೇಲಿ ಕಂಡರೆ ನಾನೇ ತೆರೆದು ಸರಿ ಮಾಡಬಹುದು."

ಅವರ ಮನೆಯಲ್ಲಿ ಕಾಣಬೇಕು, ಅಷ್ಟೇ ತಾನೆ? ಒಂದು ದಿನದ ಮಟ್ಟಿಗೆ ಆರು ಸಾಮಾನು ಕೊಟ್ಟಿಗೆಗೆ ತಂದಿಟ್ಟರೆ ಮುಗಿಯಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ಬುಧವಾರವೇ ಆ ಊರಿಗೆ ಹೋದೆ. ಮೊದಲು ಆಯಿಯ ಹತ್ತಿರ ಕೇಳಿದೆ.

"ಉಡಿಯಾಗ ಹಾಕಿಸಿಕೊಂಡಿದ್ದನ್ನ ತಿರಗಿ ಕೊಡಂತಿ?" ಆಯಿ ಕಣ್ಣು ಕೆಂಪಗೆ ಮಾಡಿದಳು. "ಇಷ್ಟ ವಯಸ್ಸಾಗೈತಿ, ಆ ಕೆಲಸ ಮಾಡಿಲ್ಲ. ನಿನ್ನ ಸಾಹೇಬಗ ಬೇಕಾದರ ನಾ ಬೇರೆ ದೀಪ ತಂದ ಇಡತೇನಿ."

"ಬೇರೆ ದೀಪಕ್ಕ ಆ ಚೀಟಿ ಇರೂದಿಲ್ಲ ಆಯಿ."

"ಚೀಟಿ ಕಿತ್ತು ಹಚ್ಚೂಣು."

ಗಿರಣಿಯವರೂ ಒಪ್ಪಲಿಲ್ಲ. ಟೇಲರನ ಹೆಂಡತಿಯಂತೂ, ಕೊಡುವುದಾದರೆ ಹೊದಿಕೆಯ ಜೊತೆ ಒಂದು ಹೊಸ ಕುಬಸ ಹೊಲಿದೇ ಕೊಡಬೇಕು, ಗುರುವಾರಕ್ಕೆ ಆಗುವುದಿಲ್ಲ ಎಂದಳು. ಸೋತು ಕೊಟ್ಟಿಗೆಗೆ ಬಂದೆ. ನೇಕಾರಳು ಹೊಳೆದಂಡೆಯಿಂದ ಆಗತಾನೇ ಬಂದಿದ್ದಳು. ಕುಣಿಯ ರಾಡಿ ಎತ್ತಿ ಎತ್ತಿ ಮೊಣಕೈವರೆಗೂ ಕೆಸರು. ಕುಣಿ ಅರ್ಧ ಖಾಲಿಯಾಗಿದೆ, ಇನ್ನು ತಗಡು ಬರುವುದೇ ತಡ ಎಂದು ನಗುತ್ತ ಹೇಳಿದಳು. ನಾನು ಅವಳ ನಗು ನೋಡಿದ್ದು ಅದೇ ಮೊದಲು. ಇನ್ನು ಮುಚ್ಚಿಡಲು ಆಗಲಿಲ್ಲ. ಹಿಂದಿನ ಸಲ ನಾನು ಏನು ಒತ್ತಿದೆ, ಅವಳಿಂದ ಯಾವುದಕ್ಕೆ ಸಹಿ ಮಾಡಿಸಿದೆ, ಎಲ್ಲ ಹೇಳಿದೆ.

ಅವಳು ಕೆಸರುಗೈಯಲ್ಲೇ ನಿಂತಳು. "ನಾ ಮಾರೀನಿ ಅಂತ ಬರದ್ರಿ?"

"ಹೂಂ."

"ಅದಕ್ಕ ನಾ ಸಹಿ ಮಾಡೀನಿ?"

"ಹೂಂ ತಂಗಿ. ತಪ್ಪು ನಂದು. ನಾ ಓದಿ ಹೇಳಬೇಕಿತ್ತು."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಕೊಡದ ನೀರಿನಲ್ಲಿ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು ಮೆಲ್ಲಗೆ ಹೇಳಿದಳು. "ತಗಡು ಬರದಿದ್ದರ ಹೋಗಲಿ ಅಕ್ಕಾರ, ಗೋಣಿತಟ್ಟು ಕಟಗೊಂಡು ನೇಯ್ತೇನಿ. ಕೊಟ್ಟದ್ದನ್ನ ತಿರಗಿ ಇಸಗೊಂಡು ತರೂದಿಲ್ಲ. ಆದರ ಆ ಮಾತ ಅಳಸ್ರಿ. ನನ್ನ ಹೆಣ್ಣಮಕ್ಕಳು ಈ ಊರಾಗ ಸಾಲಿಗೆ ಹೊಂಟಾವು."

ಅವತ್ತು ಬಸ್ಸಿನಲ್ಲಿ ಯರಗಟ್ಟಿಯವರೆಗೂ ನನಗೆ ಅದೇ ಯೋಚನೆ. ಹದಿನಾಲ್ಕು ವರ್ಷ ಚೀಟಿ ಬರೆದಿದ್ದೇನೆ, ಹತ್ತಿಯ ಅಂಡಿಗೆ ಯಾವತ್ತೂ ತಿರುಗಿ ಕೇಳಿರಲಿಲ್ಲ, ನನ್ನ ಬಗ್ಗೆ ಏನು ಬರೆದೆ ಎಂದು. ನಾಚಿಕೆಯಾಯಿತು. ಮನೆಗೆ ಬಂದಾಗ ಗಂಡನ ಚಪ್ಪಲಿ ಹೊಸ್ತಿಲ ನಡುವೆಯೇ ಬಿದ್ದಿತ್ತು, ನಾನು ದಾಟಿಕೊಂಡು ಒಳಗೆ ಹೋದೆ. ಗಂಡ ಗಾಬರಿಯಾಗಿ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದ. ನಡೆದದ್ದನ್ನು ಹೇಳಿದೆ.

"ಸಾಮಾನು ಸಾಹೇಬನ ಕಡೆ ಬರೂದಿಲ್ಲ ಅಂದರ" ಎಂದ ಅವನು, ರೊಟ್ಟಿ ಮುರಿಯುತ್ತ, "ಸಾಹೇಬನ್ನ ಸಾಮಾನಿನ ಕಡೆ ಒಯ್ಯಿ."

ಗಂಡಂದಿರಿಗೂ ಒಮ್ಮೊಮ್ಮೆ ಬುದ್ಧಿ ಬರುತ್ತದೆ. ಗುರುವಾರ ಅಧಿಕಾರಿ ಜೀಪಿನಿಂದ ಇಳಿದಾಗ ನಾನು ಕೊಟ್ಟಿಗೆಯ ದಾರಿ ಬಿಟ್ಟು ನೇರ ಗಿರಣಿಯವರ ಮನೆಗೆ ಕರೆದೊಯ್ದೆ. ಬಕೆಟ್ಟು, ಎಣ್ಣೆ ಡಬ್ಬ. ಟುಂಯ್, ಟುಂಯ್. ಗಿರಣಿಯಾಕೆ ಅವರನ್ನು ಬಿಡಲಿಲ್ಲ. "ಕುಂದರ್ರಿ ಸಾಹೇಬ್ರ, ಒಂದ ವಾಟಗಾ ಮಜ್ಜಗಿ ಕುಡೀರಿ" ಎಂದು ಕೂರಿಸಿದಳು. ಟೇಲರ್ ಮನೆಯಲ್ಲಿ ಚಾಪೆ, ಹೊದಿಕೆ, ಜೊತೆಗೆ ಒಂದು ತಾಟು ಚುರುಮುರಿ. ಮೂರನೆಯ ಮನೆಗೆ ಬರುವಷ್ಟರಲ್ಲಿ ಅಧಿಕಾರಿಯ ಹೊಟ್ಟೆ ತುಂಬಿತ್ತು, ಮುಖದಲ್ಲಿ ಗೊಂದಲವೂ ತುಂಬಿತ್ತು. ಆಯಿ ಬಿಟ್ಟಾಳೆಯೇ? ಎರಡು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿಯೇ ದೀಪ ಹಚ್ಚಿ ತೋರಿಸಿದಳು, ಮೆಣಸಿನಕಾಯಿ ಕೆಳಗೆ ಸುರಿದು ಬೇಳೆಯ ಖಾಲಿ ಪೊಟ್ಟಣ ಕೊಟ್ಟಳು. ಆರೂ ಸಿಕ್ಕವು. ನೇಕಾರಳು ಹಿತ್ತಲ ಬಾಗಿಲಿನಲ್ಲಿ ಮಕ್ಕಳ ಜೊತೆ ನಿಂತಿದ್ದಳು.

"ಸಾಮಾನು ಸಿಕ್ಕಿವೆ, ಸರಿ" ಎಂದರು ಅಧಿಕಾರಿ, ಕೈ ತೊಳೆಯುತ್ತ. "ಆದರೆ ಪಡೆದವರ ಮನೇಲಿ ಇಲ್ಲವಲ್ಲ ಮೇಡಂ. ನಾನು ಏನಂತ ಬರೀಲಿ? ಅವರ ಅಗತ್ಯಕ್ಕೆ ಅಂತ ಕೊಟ್ಟಿದ್ದು, ಯಾಕೆ ಹಂಚಿದರು?"

ಡಬ್ಬಿಯಲ್ಲಿ ಹಾಕಿದ್ದನ್ನು ಬಾಯಲ್ಲಿ ಹೇಳುವಂತಿಲ್ಲವಲ್ಲ. ಕೊನೆಗೆ ಆಯಿಯೇ ಕೇಳಿದಳು. "ಸಾಹೇಬ್ರ, ನಿಮ್ಮ ಊರಾಗ ಮಂದಿ ಮನಿ ಡಬ್ಬಿ ಬಂದರ ನಿಮ್ಮವ್ವ ಬರಿದ ಮಾಡಿ ಕೊಡತಾರೇನ್ರಿ?"

ಅಧಿಕಾರಿ ಟವೆಲ್ಲು ಹಿಡಿದವರು ಹಾಗೇ ನಿಂತರು. "ಇಲ್ಲ" ಎಂದರು. "ಅಮ್ಮ ಒಂದು ಅಚ್ಚು ಬೆಲ್ಲ ಆದರೂ ಇಟ್ಟು ಕೊಡ್ತಾರೆ." ಆಮೇಲೆ ಮೂರು ಮನೆಯ ಕಡೆ, ಕೊಟ್ಟಿಗೆಯ ಕಡೆ, ನನ್ನ ಕಡೆ ನೋಡಿದರು. ಅವರಿಗೆ ತಿಳಿಯಿತು. ಜಗಲಿಯ ಮೇಲೆ ಕೂತು ತಮ್ಮ ಮೊಬೈಲಿನಲ್ಲಿ ಏನೇನೋ ಒತ್ತಿ, ನಾನು ಮುಚ್ಚಿದ ಹಾಳೆಯನ್ನು ತೆರೆದರು. 'ಮಾರಿರಬಹುದು' ಎಂಬುದನ್ನು ಆರು ಕಡೆಯೂ ಅಳಿಸಿದರು. ನಾನು ಕುತ್ತಿಗೆ ಚಾಚಿ ಒಂದೊಂದಾಗಿ ಎಣಿಸಿದೆ. ಅದರ ಬದಲು ಬರೆಯಲು ಮೂರು ಉತ್ತರಗಳಲ್ಲಿ ಯಾವುದೂ ಹೊಂದಲಿಲ್ಲ. ಕೆಳಗೆ ಷರಾ ಬರೆಯುವ ಜಾಗವಿತ್ತು, ಮೊಬೈಲನ್ನು ನನ್ನ ಕೈಗೆ ಕೊಟ್ಟು ನೀವೇ ಬರೆಯಿರಿ ಎಂದರು.

ನನ್ನ ಅತ್ಯುತ್ತಮ ಭಾಷೆಯಲ್ಲಿ ಬರೆದೆ. ಈ ಸಲ ಗಟ್ಟಿಯಾಗಿ ಓದಿದೆ. "ಸದರಿ ಕುಟುಂಬದವರು ಆರು ಸಾಮಾನುಗಳನ್ನು ನೆರೆಯ ಮೂರು ಮನೆಗಳಿಗೆ ದಾನವಾಗಿ ನೀಡಿರುತ್ತಾರೆ."

"ದಾನ ಅಂತ ಬರೀಬ್ಯಾಡ್ರಿ" ಎಂದಳು ನೇಕಾರಳು, ಬಾಗಿಲಿನಿಂದಲೇ. ಅಷ್ಟು ಜನರ ಮುಂದೆ ಅವಳು ಬಾಯಿ ತೆರೆದದ್ದು ಕಂಡು ಅವಳ ಅತ್ತೆಯೇ ಬೆರಗಾದಳು. "ದಾನಾ ಮಾಡಾಕ ನಾ ಯಾರ್ರಿ? ಹನ್ನೆರಡ ದಿನ ಇವರ ರೊಟ್ಟಿ ತಿಂದೀನಿ. ಕೊಟ್ಟು ತೊಗೊಂಡೀವಿ ಅಂತ ಬರೀರಿ."

ಅಳಿಸಿ ಹಾಗೆಯೇ ಬರೆದೆ. ಕೊಟ್ಟು ತೆಗೆದುಕೊಂಡಿದ್ದಾರೆ. ಅವಳು ಇನ್ನೊಮ್ಮೆ ಓದಿಸಿದಳು, ಆಮೇಲೆ ಮುಂದೆ ಬಂದು ಸಹಿ ಮಾಡಿದಳು. ಅಧಿಕಾರಿ ಅವಳ ಹೆಸರನ್ನು ತಗಡಿನ ಪಟ್ಟಿಗೆ ತಿರುಗಿ ಸೇರಿಸಿದರು. ಮೇಲಿನ ಊರಿನವರನ್ನು ಪಟ್ಟಿಗೆ ಸೇರಿಸಲು ಬರುವುದಿಲ್ಲವೇ ಎಂದು ನಾನು ಕೇಳಿದೆ. ಸದ್ಯಕ್ಕೆ ನಿಯಮದಲ್ಲಿ ಇಲ್ಲ, ಬರೆದು ಕೇಳುತ್ತೇನೆ ಎಂದರು. ಕೇಳಿದರೋ ಇಲ್ಲವೋ ಗೊತ್ತಿಲ್ಲ. ಜೀಪು ಹತ್ತುವಾಗ ಆಯಿ ಅವರ ಕೈಯಲ್ಲಿ ಒಂದು ಗಂಟು ಶೇಂಗಾ ಚಟ್ನಿ ಇಟ್ಟಳು. ಅವರು ಬೇಡ ಎಂದರು, ಆಯಿ ಕೇಳಲಿಲ್ಲ.

ತಗಡು ಬಂದು ಒಂದು ವಾರಕ್ಕೆ ತಪಾಸಣೆಗೆ ಹೋದೆ. ಈ ಸಲ ಹೊಳೆದಂಡೆಗೇ, ಅವಳ ಹಳೆಯ ಜಾಗಕ್ಕೆ. ಇಚಲಕರಂಜಿಯಿಂದ ಗಂಡ ಬಂದಿದ್ದ, ಮೇಲೆ ಕುಳಿತು ಮೊಳೆ ಹೊಡೆಯುತ್ತಿದ್ದ. ಕುಣಿ ಒಣಗಿತ್ತು, ಮಗ್ಗದ ಕಟ್ಟಿಗೆಗಳನ್ನು ತೊಳೆದು ಬಿಸಿಲಿಗೆ ಒರಗಿಸಿದ್ದರು. ಹೆಣ್ಣುಮಕ್ಕಳು ಕುಣಿಯಲ್ಲಿ ಇಳಿದು ಕಣ್ಣಾಮುಚ್ಚಾಲೆ ಆಡುತ್ತಿದ್ದವು. ಹತ್ತು ತಗಡುಗಳಲ್ಲಿ ಎಂಟು ಸೂರಿನ ಮೇಲಿದ್ದವು. ಎರಡನ್ನು ಹಗ್ಗದಿಂದ ಕಟ್ಟಿ ಗೋಡೆಗೆ ಆನಿಸಿದ್ದಳು. ನಾನು ಮೊಬೈಲ್ ತೆಗೆಯುವ ಮೊದಲೇ ಅವಳು ಹತ್ತಿರ ಬಂದು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಅಕ್ಕಾರ, ಆಯಿ ಅಡಗಿಮನಿ ಭಾಳ ಸೋರತೈತ್ರಿ. ಈ ಎರಡು ತಗಡು ಅಲ್ಲಿ ಹಾಕತೇನಿ. ಈಗ ಬರಕೋರಿ. ಆಮ್ಯಾಲ ನನ್ನ ಮನ್ಯಾಗ ಹುಡಕ್ಯಾಡಬ್ಯಾಡ್ರಿ."

ನಾನು ಅವಳ ಎದುರಿಗೇ ಬರೆದೆ, ಬರೆದದ್ದನ್ನು ಓದಿ ಹೇಳಿದೆ, ಆಮೇಲೆ ತಗಡಿನ ಒಂದು ತುದಿ ನಾನು ಹಿಡಿದೆ.